ಕಣ ಉತ್ತು ಕಬಡ್ಡಿ ಆಡಿಸಿದ್ದು

ಹೆಗಲ ಮೂಳೆ ಮುರಿದ ಸದ್ದು ಅಂಪೈರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಬೆಂಗಳೂರಿನ ಒಂದು ಮೈದಾನ. ನಾನು ಗೆರೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಎದುರು ತಂಡದವನು ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದ, ನಮ್ಮವನು ಮೂಲೆಯಿಂದ ಹಾರಿ ಅವನ ಕಾಲಿಗೆ ಬಿದ್ದ, ಮೇಲೆ ಇನ್ನಷ್ಟು ಜನ ಬಿದ್ದರು. ನೆಲ ಗಟ್ಟಿ. ಎಲ್ಲರೂ ಎದ್ದರು, ನಮ್ಮವನು ಏಳಲಿಲ್ಲ. "ಏನಿಲ್ಲ ಸಾ, ಏನಿಲ್ಲ ಸಾ" ಅನ್ನುತ್ತಲೇ ಇದ್ದ, ಎಡಗೈ ಮಾತ್ರ ಮೇಲೆ ಬರಲಿಲ್ಲ.

ಇದು ಅರವತ್ತರ ದಶಕದ ಶುರುವಿನ ಮಾತು. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ವ್ಯಾಯಾಮದ ಮೇಷ್ಟ್ರು. ಕಬಡ್ಡಿ ಆಗಷ್ಟೇ ಹಳ್ಳಿಯಿಂದ ಕಾಲೇಜಿನ ಪಂದ್ಯಾವಳಿಗೆ ಬಡ್ತಿ ಪಡೆದಿತ್ತು. ನನ್ನ ತಂಡದವರೆಲ್ಲ ಗುಬ್ಬಿ, ಕುಣಿಗಲ್ ಕಡೆಯ ರೈತರ ಮಕ್ಕಳು. ಅವರನ್ನು ಹೆಸರಿಗಿಂತ ಊರು ಹಿಡಿದು ಕರೆಯುವುದು ನನ್ನ ಅಭ್ಯಾಸ. ಆಟದ ನಡುವೆ ಕೂಗಿ ಹೇಳುವುದಕ್ಕೆ ಅದೇ ಸಲೀಸು. ಕ್ಯಾಪ್ಟನ್ ಗುಬ್ಬಿಯವನು, ಅವನು ಗುಬ್ಬಿ. ಮೂಳೆ ಮುರಿದುಕೊಂಡವನು ಅಮೃತೂರು.

ಊರಿಗೆ ವಾಪಸು ಬಂದ ಕೂಡಲೇ ಪ್ರಿನ್ಸಿಪಾಲರು ಕರೆಸಿದರು. ಸದಾ ಕೋಟು, ಟೈ, ಮಿರುಗುವ ಬೂಟು ಹಾಕುತ್ತಿದ್ದವರು. ಒಳ್ಳೆಯ ಮನುಷ್ಯರೇ, ಆದರೆ ಗಲಾಟೆ ಎಂದರೆ ಆಗದು.

"ನೋಡ್ರೀ, ಹುಡುಗರನ್ನ ಓದೋಕೆ ಅಂತ ಕಳಿಸ್ತಾರೆ, ಮೂಳೆ ಮುರ್ಕೊಳ್ಳೋಕಲ್ಲ. ಬಾಲ್ ಬ್ಯಾಡ್ಮಿಂಟನ್ ಇದೆ, ವಾಲಿಬಾಲ್ ಇದೆ. ಮೈಮೇಲೆ ಬೀಳೋ ಈ ಆಟ ಯಾಕ್ರೀ ಬೇಕು ನಮಗೆ?"

ನಾನು ಏನೇನೋ ಹೇಳಿದೆ. ಹೇಳಬೇಕಾಗಿದ್ದದ್ದು ಮಾತ್ರ ಬಾಯಿಗೆ ಬರಲಿಲ್ಲ. ಈ ಹುಡುಗರು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಇಂಗ್ಲಿಷ್ ಮೇಷ್ಟ್ರ ಕಣ್ಣು ತಪ್ಪಿಸುವುದರಲ್ಲೇ ವರ್ಷ ಕಳೆಯುತ್ತಿದ್ದರು. ರ್‍ಯಾಕೆಟ್ ಹಿಡಿದವರಲ್ಲ, ಕ್ಯಾನ್ವಾಸ್ ಶೂ ಕಂಡವರಲ್ಲ. ಕಬಡ್ಡಿ ಹೋದರೆ ಆ ಕಾಲೇಜಿನಲ್ಲಿ ಅವರು ತಲೆಯೆತ್ತಿ ನಿಲ್ಲುವ ಜಾಗವೇ ಇರುತ್ತಿರಲಿಲ್ಲ.

ಪ್ರಿನ್ಸಿಪಾಲರು ಕೊನೆಗೆ ಒಂದು ದಾರಿ ಬಿಟ್ಟುಕೊಟ್ಟರು. "ಮುಂದಿನ ಸೀಸನ್ನಿನಲ್ಲಿ ನಮ್ಮಲ್ಲೇ ಪಂದ್ಯ ಇದೆಯಲ್ಲ, ಆ ಹುಡುಗನ ತಂದೆ ಬಂದು ಕಣ್ಣಾರೆ ನೋಡಲಿ. ಮಗ ಆಡಲಿ ಅಂತ ಅವರ ಬಾಯಿಂದ ಬಂದ್ರೆ ತಂಡ ಇರುತ್ತೆ. ಬರದಿದ್ರೆ ಅಲ್ಲಿಗೆ ಮುಗೀತು. ನನ್ನ ಹತ್ರ ಮತ್ತೆ ಬರಬೇಡಿ."

ನಾನು ಕುಣಿಗಲ್ ಮೇಲೆ ಬಸ್ಸು ಹಿಡಿದು ಅಮೃತೂರಿಗೆ ಹೋದೆ. ಹುಡುಗನ ತಂದೆ, ಊರಲ್ಲಿ ಎಲ್ಲರೂ ಗೌಡ್ರು ಅನ್ನುತ್ತಿದ್ದರು, ತೋಟದಲ್ಲಿ ಕಾಯಿ ರಾಶಿ ಹಾಕಿಸುತ್ತಿದ್ದರು. ಎಳನೀರು ಕೊಟ್ಟು ಕೂರಿಸಿದರು. ಪಟ್ಟಿ ಕಟ್ಟಿಸಿಕೊಂಡ ಮಗ ಬಾಗಿಲ ಹಿಂದೆ ನಿಂತು ನನಗೆ ಕಣ್ಸನ್ನೆ ಮಾಡುತ್ತಿದ್ದ.

"ಮೇಷ್ಟ್ರೇ, ನನ್ ಎತ್ತಿನ ಕಾಲು ಮುರ್ದಿದ್ರೂ ಇಷ್ಟು ಸಂಕಟ ಆಯ್ತಿರ್ನಿಲ್ಲ. ನೀವು ಬಂದ್ ಕೇಳ್ತಿದೀರಿ ಅಂತ ಒಂದ್ ಕಿತ ಬಂದ್ ನೋಡ್ತೀನಿ. ಆದ್ರೆ ಇನ್ನೊಂದ್ ಸಲ ಹಿಂಗೇನಾರ ಆಯ್ತೋ, ಆಟಾನೂ ಬ್ಯಾಡ, ಕಾಲೇಜೂ ಬ್ಯಾಡ. ಮನೆಗ್ ಕರ್ಕೊಂಡ್ ಬತ್ತೀನಿ."

ಅಂದರೆ ತಂಡದ ಜೊತೆಗೆ ಹುಡುಗನ ಓದೂ ಪಣಕ್ಕೆ ಬಿತ್ತು. ನಾನು ಮೊದಲೇ ಪುಕ್ಕಲು ಮನುಷ್ಯ, ಕೊರಳಿಗೆ ಸೀಟಿ ಹಾಕಿಕೊಂಡದ್ದರಿಂದ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಷ್ಟೆ.

ಮೂಳೆ ಕೂಡಿಕೊಂಡ ಮೇಲೆ ಅವನಿಗೆ ಹಿಡಿಯುವುದನ್ನು ಬಿಟ್ಟು ಬೀಳುವುದನ್ನು ಕಲಿಸಲು ಕೂತೆ. ಹಾಸ್ಟೆಲಿನ ಹಿಂದೆ ಇಕ್ಕಟ್ಟಾದ ಒಂದು ಜಾಗ, ಅಗೆದು ಮರಳು ಹಾಕಿದ ಹೊಂಡ. ನಮ್ಮ ಅಭ್ಯಾಸವೆಲ್ಲ ಅಲ್ಲೇ. ಮೊದಲು ಮಂಡಿಯೂರಿ ಬೀಳುವುದು, ಆಮೇಲೆ ಕುಕ್ಕರಗಾಲಿನಿಂದ, ಆಮೇಲೆ ನಿಂತಲ್ಲಿಂದ. ಗಲ್ಲ ಎದೆಗೆ ಒತ್ತಬೇಕು, ಕೈ ಚಾಚಿ ನೆಲಕ್ಕೆ ಊರಬಾರದು, ಭುಜವನ್ನು ಒಳಕ್ಕೆ ಸುತ್ತಿಕೊಂಡು ಉರುಳಬೇಕು. ಕೈ ಊರಿದರೆ ಮೈಭಾರವೆಲ್ಲ ಹೆಗಲ ಮೂಳೆಗೆ ಬರುತ್ತದೆ. ಹೋದ ವರ್ಷ ಆದದ್ದೂ ಅದೇ.

ಬೀಳುವುದನ್ನು ಚೆನ್ನಾಗಿ ಕಲಿತ. ಹಿಡಿಯುವುದೇ ಕೆಟ್ಟಿತು. ನಮ್ಮ ಹಳ್ಳಿ ಹುಡುಗರು ನಿಂತೇ ಹಿಡಿಯುವವರು, ಸೊಂಟಕ್ಕೆ ಕೈ ಹಾಕಿ ಎತ್ತಿ ಕುಕ್ಕುವವರು. ಹಾರಿ ಕಾಲಿಗೆ ಬೀಳುವ ಧೈರ್ಯ ಇದ್ದದ್ದು ಇವನೊಬ್ಬನಿಗೆ. ಅದಕ್ಕೇ ಇವನನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದೆ. ಈಗ ಹಾರುತ್ತಿದ್ದ, ಆದರೆ ಇನ್ನೇನು ಹಿಮ್ಮಡಿ ಸಿಕ್ಕಿತು ಅನ್ನುವಾಗ ಎಡಗೈ ತಾನಾಗಿ ಹಿಂದಕ್ಕೆ ಬಂದುಬಿಡುತ್ತಿತ್ತು.

"ನಾನ್ ಎಳ್ಕೊಳ್ತಿಲ್ಲ ಸಾ, ಅದೇ ಬತ್ತದೆ" ಅನ್ನುತ್ತಿದ್ದ. ಅವನ ಮಾತು ನಿಜವೇ. ಹೆದರಿಕೆ ತಲೆಯಲ್ಲಿದ್ದರೆ ಬೈದು ಬಿಡಿಸಬಹುದು, ಕೈಯಲ್ಲೇ ಕೂತರೆ ಏನು ಮಾಡುವುದು? ಮೆತ್ತನೆಯ ನೆಲದಲ್ಲಿ ಬಿದ್ದೂ ಬಿದ್ದೂ ಅದು ಮರೆಯಲಿ ಎಂದು ದಿನಾ ಬೀಳಿಸಿದೆ. ಬೇರೆ ಉಪಾಯ ನನಗೆ ಹೊಳೆಯಲಿಲ್ಲ.

ಪಂದ್ಯ ನಡೆಯಬೇಕಾದದ್ದು ಕಾಲೇಜಿನ ಮುಂದಿನ ಮೈದಾನದಲ್ಲಿ. ಹಿಂದಿನ ಹೊಂಡದ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಬಾವಿ. ಅಲ್ಲಿ ಪಂದ್ಯವಾಡಿಸಿದರೆ ಯಾರಾದರೂ ಬಾವಿಗೇ ಬೀಳಬೇಕು. ಮುಂದಿನ ನೆಲವನ್ನು ಅಗೆದು, ಹೆಂಟೆ ಒಡೆದು, ಜರಡಿ ಹಿಡಿದು, ಅದಕ್ಕೆ ತೆಂಗಿನ ನಾರಿನ ಪುಡಿ ಬೆರೆಸಬೇಕೆಂದು ತೀರ್ಮಾನಿಸಿದೆ. ಕಾಯಿ ಸಿಪ್ಪೆ ಬಡಿದು ನಾರು ತೆಗೆಯುವಾಗ ಉದುರುತ್ತದಲ್ಲ, ಆ ಕಂದು ಪುಡಿ. ನೀರು ಕುಡಿದರೆ ಹಾಸಿಗೆಯಂತೆ ಮೆತ್ತಗಿರುತ್ತದೆ, ಕೆಸರಾಗುವುದಿಲ್ಲ. ಗುಬ್ಬಿ ಊರಿನ ಕಡೆ ಅದು ಗುಡ್ಡೆ ಗುಡ್ಡೆ ಬಿದ್ದಿರುತ್ತಿತ್ತು, ಕೇಳುವವರೇ ಇರಲಿಲ್ಲ. ಹುಡುಗರಿಗೆ "ಅಷ್ಟರಲ್ಲಿ ಮುಂದಿನ ನೆಲ ರೆಡಿ ಮಾಡಿಡ್ರೋ" ಎಂದು ಹೇಳಿ, ನಾನೇ ಗುಬ್ಬಿಗೆ ಹೋದೆ. ಚೀಲ ಹೊಂದಿಸಿ, ತುಂಬಿಸಿ, ಕೊಬ್ಬರಿ ಲಾರಿಯವನನ್ನು ಕಾಡಿ ಬೇಡಿ ಹೇರಿಸುವುದರಲ್ಲಿ ನೆನೆಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ವಾಪಸು ಬಂದದ್ದು ಪಂದ್ಯದ ಹಿಂದಿನ ದಿನ ಬೆಳಿಗ್ಗೆ.

ಲಾರಿಯಿಂದ ಇಳಿದು ಮೈದಾನ ನೋಡಿದೆ.

ನೆಲ ರೆಡಿಯಾಗಿತ್ತು. ಎಂಥಾ ರೆಡಿ! ಹುಲ್ಲು ಕೆತ್ತಿ, ನೀರು ಹೊಡೆದು, ಜೇಡಿಮಣ್ಣು ಮೆತ್ತಿ, ದಿಮ್ಮಿಸಿ ಗಟ್ಟಿ ಮಾಡಿ, ಅದರ ಮೇಲೆ ಸಗಣಿ ಬಗ್ಗಡ ಸಾರಿಸಿದ್ದರು. ಒಂದು ಬಿರುಕಿಲ್ಲ, ಒಂದು ಕಲ್ಲಿಲ್ಲ. ಮೂಲೆಯಲ್ಲಿ ಸಗಣಿಯ ಬೆನಕನನ್ನು ಕೂರಿಸಿ, ಗರಿಕೆ ಸಿಕ್ಕಿಸಿ, ಹುಚ್ಚೆಳ್ಳು ಹೂವು ಇಟ್ಟಿದ್ದರು. ಅಂಚಿನಲ್ಲಿ ರಂಗೋಲಿ ಬೇರೆ. ಸುಗ್ಗಿಯಲ್ಲಿ ರಾಗಿ ಬಡಿಯುವ ಕಣ. ಅಪ್ಪಟ ಕಣ. ಹಿಮ್ಮಡಿಯಲ್ಲಿ ಗುದ್ದಿ ನೋಡಿದೆ, ನೋವು ಮಂಡಿಗೆ ಬಂತು.

ಹುಡುಗರು ಸಾಲಾಗಿ ನಿಂತಿದ್ದರು, ಕೈ ತುಂಬ ಬೊಬ್ಬೆ, ಮುಖ ತುಂಬ ನಗು. ಶಭಾಷ್ ಅನ್ನಿಸಿಕೊಳ್ಳಲು ಕಾಯುತ್ತಿದ್ದರು.

"ಏನ್ಲಾ ಇದು ಗುಬ್ಬಿ?" ಎಂದೆ.

"ಕಣ ಮಾಡಿದ್ವಿ ಸಾ."

"ಒಂದು ವರ್ಷದಿಂದ ಮರಳಲ್ಲಿ ಬೀಳಿಸಿದೀನಲ್ಲೋ! ಮೆತ್ತಗಿರಬೇಕು ಅಂತ ಗೊತ್ತಿಲ್ವೇನ್ರೋ?"

ಗುಬ್ಬಿಗೆ ನನ್ನ ಮಾತೇ ವಿಚಿತ್ರವಾಗಿ ಕಂಡಿತು. "ಅದು ನಾವ್ ನಾವೇ ಆಡೋವಾಗ ಸಾ. ನಾಳೆ ಬೆಂಗಳೂರಿಂದ ಜನ ಬತ್ತಾರೆ. ಬೀಗರು ಬರೋವಾಗ ಯಾರಾದ್ರೂ ಅಂಗಳ ಅಗೆದ್ ಮಡಗ್ತಾರಾ?"

ಅವರ ಮನೆಗಳಲ್ಲಿ ಊರು ಬಂದು ಸೇರುವ ಜಾಗ, ಮರ್ಯಾದೆಯ ಜಾಗ ಅಂದರೆ ಕಣವೇ. ಕಬಡ್ಡಿ ಆಡಿ ಬೆಳೆದದ್ದೂ ಕಣದಲ್ಲೇ. ತಮಗೆ ಗೊತ್ತಿದ್ದ ಅತಿ ಒಳ್ಳೆಯ ನೆಲವನ್ನು ಬೆಂಗಳೂರಿನವರಿಗೆ ಸಜ್ಜು ಮಾಡಿದ್ದರು. ಆ ನೆಲದ ಮೇಲೆ ನಾಳೆ ಅಮೃತೂರು ಹಾರಿ ಬೀಳಬೇಕಿತ್ತು.

"ಉತ್ತುಬಿಡೋಣ. ಈಗಲೇ. ಒಂದು ಜೊತೆ ಎತ್ತು ತರಿಸಿ" ಎಂದೆ.

ಯಾರೂ ಅಲುಗಲಿಲ್ಲ. ಆಗ ಹಿಂದಿನಿಂದ ಒಂದು ದನಿ ಬಂತು.

"ಏನಂದ್ರಿ ಮೇಷ್ಟ್ರೇ?"

ಗೌಡ್ರು. ಪಂದ್ಯ ನಾಳೆ ಅಂದರೂ ಮಗನನ್ನು ನೋಡಬೇಕೆಂದು ಅವತ್ತೇ ಮೊದಲ ಬಸ್ಸಿಗೆ ಬಂದಿದ್ದರು. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತು ನೆಲವನ್ನು ಮೆಚ್ಚಿಕೊಂಡು ನೋಡುತ್ತಿದ್ದರು.

"ಹುಡುಗ್ರು ಎಷ್ಟು ಅಚ್ಚುಕಟ್ಟಾಗ್ ಮಾಡವ್ರೆ! ಬೆನಕನ್ನ ಕೂರ್ಸಿ ಪೂಜೆ ಮಾಡವ್ರೆ. ರಾಶಿ ಕಾಣ್ದಿರೋ ಕಣಕ್ಕೆ ನೇಗ್ಲು ಕಟ್ತೀರಾ? ಉಣ್ಣಾಕ್ ಕುಂತೋನ್ ಮುಂದ್ಲ ಎಲೆ ಎತ್ತಿದಂಗೆ ಅದು. ಹಂಗ್ ಮಾಡಿದ್ ನೆಲದಾಗೆ ನನ್ ಮಗ ಆಡಾಕಿಲ್ಲ ಬುಡಿ."

"ಗೌಡ್ರೇ, ಹೋದ ವರ್ಷ ನಿಮ್ಮ ಹುಡುಗನ ಮೂಳೆ ಮುರಿದದ್ದು ಇಂಥ ನೆಲದ ಮೇಲೇ."

"ಅದು ಬೇರೆ ಊರ್ ನೆಲ. ಇದು ಪೂಜೆ ಆಗಿರೋ ಕಣ."

ಗುಬ್ಬಿಯೂ ಹೌದೆಂದು ತಲೆ ಆಡಿಸಿದ. ಅಮೃತೂರು ಕೂಡ. ನಾನು ಯಾರಿಗಾಗಿ ಒದ್ದಾಡುತ್ತಿದ್ದೆನೋ ಅವನೇ ಅಪ್ಪನ ಪಕ್ಕ ನಿಂತಿದ್ದ. ನನಗೆ ಅಳು ಬರುವುದೊಂದು ಬಾಕಿ. ಗಟ್ಟಿ ನೆಲದಲ್ಲಿ ಆಡಿಸಿದರೆ ಮೂಳೆ, ಉತ್ತರೆ ಗೌಡ್ರ ಮುನಿಸು, ಪಂದ್ಯ ಬಿಟ್ಟುಕೊಟ್ಟರೆ ಪ್ರಿನ್ಸಿಪಾಲರು. ಯಾವ ಕಡೆ ಹೋದರೂ ಕಬಡ್ಡಿ ಅಲ್ಲಿಗೆ ಮುಗಿಯುತ್ತಿತ್ತು.

ಹುಡುಗರನ್ನು ಬಿಟ್ಟು ಕಾಂಪೌಂಡಿನ ಕಡೆ ಸುಮ್ಮನೆ ಒಂದು ಸುತ್ತು ನಡೆದೆ. ಆಚೆ ಕೆರೆ ಕಡೆಗೆ ರಾಗಿ ಹೊಲ. ಅದರ ಯಜಮಾನ ನಮ್ಮ ಹಳೆಯ ಶತ್ರು, ನಮ್ಮ ವಾಲಿಬಾಲು ಅವನ ಹೊಲಕ್ಕೆ ಬಿದ್ದಾಗಲೆಲ್ಲ ಕಾಲೇಜಿನ ಮೂರು ತಲೆಮಾರನ್ನು ಜಾಲಾಡುತ್ತಿದ್ದ. ಕುಯ್ಲು ಮುಗಿಸಿ, ಒಣಗಿದ ರಾಗಿ ಕಂತೆಗಳನ್ನು ಮೆದೆ ಹಾಕಿದ್ದ. ನೋಡುತ್ತ ನಿಂತವನಿಗೆ ಥಟ್ಟನೆ ಹೊಳೆಯಿತು. ನಾನೂ ರೈತರ ಮನೆಯವನೇ, ಮದರಾಸಿನಲ್ಲಿ ಪಡೆದ ವ್ಯಾಯಾಮದ ತರಬೇತಿ ಅದನ್ನು ಸ್ವಲ್ಪ ಮುಚ್ಚಿತ್ತು ಅಷ್ಟೆ. ರಾಶಿ ಎತ್ತಿದ ಮೇಲೆ ಹೊಲದ ಕಣವನ್ನು ನಮ್ಮಪ್ಪನೂ ಉಳುತ್ತಿದ್ದರು. ತೊಂದರೆ ಇದ್ದದ್ದು ಉಳುವುದರಲ್ಲಿ ಅಲ್ಲ, ಬರಿಗೈಲಿ ಉಳುವುದರಲ್ಲಿ.

ಓಡಿ ಬಂದೆ. "ಗೌಡ್ರೇ, ಈ ಕಣದಲ್ಲಿ ರಾಶಿ ಆದ್ರೆ? ಆಮೇಲೆ ಉಳಬಹುದಾ?"

"ರಾಶಿ ಎತ್ತಿದ್ ಮೇಲೆ ಉಳಾಕೇನು? ಕಣದ್ ಕೆಲ್ಸ ಮುಗೀತಲ್ಲ."

"ಹಾಗಾದ್ರೆ ರಾಶಿ ಮಾಡೋಣ!"

ಹೊಲದ ಯಜಮಾನನಿಗೆ ಇದನ್ನು ನಂಬಿಸುವುದೇ ಕಷ್ಟವಾಯಿತು. ನಿನ್ನ ರಾಗಿ ಒಂದಷ್ಟು ನಾವು ಬಡಿದುಕೊಡುತ್ತೇವೆ, ನೀನು ಎತ್ತು, ಕಲ್ಲುಗುಂಡು, ನೇಗಿಲು ಕೊಡು ಎಂದರೆ ಅವನು ನನ್ನನ್ನೂ ಹಿಂದೆ ನಿಂತಿದ್ದ ಹುಡುಗರನ್ನೂ ಅನುಮಾನದಿಂದ ನೋಡಿದ.

"ಕೂಲಿ ಕೇಳಾಕಿಲ್ವಾ?"

"ಇಲ್ಲಪ್ಪ."

"ಹುಲ್ಲು?"

"ಹುಲ್ಲೂ ನಿಂದೇ, ರಾಗೀನೂ ನಿಂದೇ."

"ಮತ್ತೆ ನಿಮಗೇನು ಬಂತು?"

"ಕಣ ಉಳೋಕೆ ಬೇಕು."

"ಮಾಡಿರೋ ಕಣಾನ ಉಳಾಕೆ ರಾಗಿ ಬಡೀತೀರಾ?" ಎಂದು ಕೇಳಿ, ಓದಿದವರ ವಿಷಯ ನಮಗ್ಯಾಕೆ ಎನ್ನುವ ಹಾಗೆ ಕೊಡವಿಕೊಂಡು ಎದ್ದು ಎತ್ತು ಬಿಚ್ಚಿದ.

ಆಮೇಲೆ ನಡೆದದ್ದನ್ನು ಆ ಕಾಲೇಜು ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಹುಡುಗರು ಕಂತೆಗಳನ್ನು ಹೊತ್ತು ತಂದು ಕಣದ ತುಂಬ ತೆನೆ ಒಳಮುಖವಾಗಿ ಹರಡಿದರು. ಗೌಡ್ರು ಪಂಚೆ ಎತ್ತಿ ಕಟ್ಟಿ ಎತ್ತಿನ ಹಿಂದೆ ನಿಂತರು. ಕಲ್ಲಿನ ಗುಂಡು ಉರುಳುತ್ತ ಸುತ್ತು ಹೊಡೆಯಿತು. ಹುಡುಗರು ಕವೆಗೋಲಿನಲ್ಲಿ ಹುಲ್ಲು ತಿರುವಿದರು. ಮೇಲಂತಸ್ತಿನ ತರಗತಿಗಳ ಕಿಟಕಿಯಲ್ಲಿ ಒಂದೊಂದಾಗಿ ತಲೆಗಳು ಕಾಣಿಸಿಕೊಂಡವು. ಹಿಂದಿನ ಬೆಂಚಿನ ನಮ್ಮ ಹುಡುಗರನ್ನು ಮುಂದಿನ ಬೆಂಚಿನವರೆಲ್ಲ ಬಗ್ಗಿ ಬಗ್ಗಿ ನೋಡಿದರು.

ಹುಲ್ಲು ಕೊಡವಿ ತೆಗೆದಾಯಿತು. ರಾಗಿ, ಹೊಟ್ಟು ಒಟ್ಟಿಗೆ ಗುಡ್ಡೆಯಾಯಿತು. ಇನ್ನು ತೂರಬೇಕು. ಗಾಳಿಯೇ ಇಲ್ಲ.

ತೆಂಗಿನ ಗರಿ ಒಂದೂ ಮಿಸುಕುತ್ತಿರಲಿಲ್ಲ. ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ, ಗೌಡ್ರನ್ನು ನೋಡಿದೆ. ಹೊಟ್ಟು ಇದ್ದರೂ ಪರವಾಗಿಲ್ಲ, ಇದನ್ನೇ ರಾಶಿ ಅನ್ನೋಣವೇ ಎಂದು ಕೇಳಿ ನೋಡಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು. ಹೊತ್ತು ನೆತ್ತಿ ದಾಟುತ್ತಿತ್ತು. ಆಗ ಅಮೃತೂರು ಹಾಸ್ಟೆಲಿಗೆ ಓಡಿ ಜಮಖಾನ, ಕಂಬಳಿ, ಸಿಕ್ಕಿದ್ದನ್ನೆಲ್ಲ ಹೊತ್ತು ತಂದ. ಇಬ್ಬಿಬ್ಬರು ಎರಡು ತುದಿ ಹಿಡಿದು ಬೀಸತೊಡಗಿದರು, ಗುಬ್ಬಿ ಮೊರದಲ್ಲಿ ಎತ್ತಿ ತೂರಿದ. ಹೊಟ್ಟೆಲ್ಲ ಹಾರಿ ಬಂದು ನನ್ನ ಮೈಮೇಲೆ ಕೂತಿತು. ಆ ತುರಿಕೆಯನ್ನು ಅನುಭವಿಸಿದವರೇ ಬಲ್ಲರು. ನಾನು ಕೆರೆದುಕೊಳ್ಳುತ್ತ ಸೀಟಿ ಊದಿ ಬೀಸುವವರಿಗೆ ತಾಳ ಹಾಕಿದೆ.

ರಾಶಿ ಆಯಿತು. ದೊಡ್ಡದೇನಲ್ಲ, ಆದರೆ ಕೆಂಪಗೆ, ಗೋಪುರದ ಹಾಗೆ ಚೊಕ್ಕವಾಗಿ ನಿಂತಿತು. ಗೌಡ್ರು ಬೆನಕನನ್ನು ತಂದು ತುದಿಯಲ್ಲಿ ಇಟ್ಟರು. ಎಲ್ಲರೂ ಕೈ ಮುಗಿದರು. ಸರಿಯಾಗಿ ಆ ಹೊತ್ತಿಗೆ ಪ್ರಿನ್ಸಿಪಾಲರು ದಡದಡ ಬಂದರು.

"ಏನ್ರೀ ಇದು? ಕಾಲೇಜೇನ್ರೀ ಇದು? ಕ್ಲಾಸಲ್ಲಿ ಒಬ್ಬನೂ ಪಾಠ ಕೇಳ್ತಿಲ್ಲ..."

ಅವರ ಮಿರುಗುವ ಬೂಟು ಕಣದ ಅಂಚು ದಾಟಿತು. ಅಷ್ಟೂ ಜನ ಒಟ್ಟಿಗೆ ಕಿರುಚಿದರು. "ಬೂಟು! ಬೂಟು!" ಗೌಡ್ರ ದನಿ ಎಲ್ಲಕ್ಕಿಂತ ಮೇಲಿತ್ತು.

ಪ್ರಿನ್ಸಿಪಾಲರು ಬೆಂಕಿ ತುಳಿದವರಂತೆ ಹಿಂದಕ್ಕೆ ಹಾರಿದರು. ಏನಾಯಿತೆಂದು ತಿಳಿಯುವ ಮೊದಲೇ ಬಗ್ಗಿ ಲೇಸು ಬಿಚ್ಚತೊಡಗಿದ್ದರು. ಕಾಲುಚೀಲದಲ್ಲಿ ಒಳಗೆ ಬಂದು ನಿಂತ ಮೇಲೆ ಏನು ಬೈಯಬೇಕೆಂದಿದ್ದರೋ ಅದು ಅವರಿಗೇ ಮರೆತುಹೋಗಿತ್ತು. ಗೌಡ್ರು ಒಂದು ಬೊಗಸೆ ರಾಗಿ ತೆಗೆದು ನೀಡಿದರು. ಪ್ರಿನ್ಸಿಪಾಲರು ಕರ್ಚೀಫು ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಇಸಿದುಕೊಂಡರು. ನಾನು ಮೆಲ್ಲಗೆ ವಿಷಯ ತಿಳಿಸಿದೆ, ನಾಳೆ ಮೂಳೆ ಉಳಿಯಬೇಕಾದರೆ ಇವತ್ತು ಕಣ ಹೋಗಬೇಕು, ಕಣ ಹೋಗಬೇಕಾದರೆ ರಾಶಿ ಆಗಬೇಕು ಎಂದು.

"ಇನ್ನೂ ಉಳೋದು ಬೇರೆ ಇದೆಯಾ?" ಎಂದು ಕೇಳಿದರು. ಹೌದೆಂದೆ. "ನಾನು ಆಫೀಸಲ್ಲಿ ಇರ್ತೀನಿ. ನನಗೇನೂ ಕಾಣಿಸ್ತಿಲ್ಲ" ಎಂದು ಕರ್ಚೀಫಿನ ಗಂಟು ಹಿಡಿದುಕೊಂಡು ಹೋದರು.

ರಾಶಿ ಎತ್ತಿ ಚೀಲಕ್ಕೆ ತುಂಬಿದ ಮೇಲೆ ಗೌಡ್ರೇ ನೇಗಿಲು ಹಿಡಿದರು. ಆಳಕ್ಕೆ ಹೋಗಬೇಡಿ, ನೆಲ ತೀರ ಸಡಿಲವಾದರೆ ಕಾಲು ಹೂತು ಪಾದ ಉಳುಕುತ್ತದೆ ಎಂದೆ. ಮೊದಲ ಸಾಲಿಗೇ ತೊಂದರೆ ಎದುರಾಯಿತು. ಹುಡುಗರು ಅಷ್ಟು ಚೆನ್ನಾಗಿ ದಿಮ್ಮಿಸಿದ್ದರು. ಮೇಲಿನ ಪದರ ಪುಡಿಯಾಗದೆ ಹೆಂಚಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಎದ್ದಿತು. ಮರದ ಕೊಡತಿಯಲ್ಲಿ ಬಡಿದರೆ ಚೂಪು ಚೂರುಗಳಾಗುತ್ತಿದ್ದವು, ಬಿದ್ದವನ ಮೈ ಸುಲಿಯುವುದಕ್ಕೆ ಅಷ್ಟು ಸಾಕು. ಒಡೆದು ಕೂರುವುದಕ್ಕೆ ಪುರುಸೊತ್ತಿಲ್ಲ. ಬಿಲ್ಲೆಗಳನ್ನೆಲ್ಲ ಆರಿಸಿ ಹೊರಕ್ಕೆ ಹಾಕಿ ಎಂದೆ. ತಾವೇ ಮೆತ್ತಿದ್ದನ್ನು ಮಂಕರಿಗಳಲ್ಲಿ ಹೊತ್ತು ಹಾಕುವಾಗ ಹುಡುಗರು ಒಬ್ಬರನ್ನೊಬ್ಬರು ರೇಗಿಸಿಕೊಂಡು ನಕ್ಕರು.

"ಈ ಬಿಲ್ಲೆ ಯಾರ್ ಮೆತ್ತಿದ್ದು? ಕಲ್ಲಾಗದೆ!"

"ನಾನೇ ಕಣ್ಲಾ. ನಿಂದಾದ್ರೆ ಆಗ್ಲೇ ಪುಡಿಯಾಗಿರೋದು."

ಅಡ್ಡಡ್ಡ ಇನ್ನೊಮ್ಮೆ ಉತ್ತು, ಕುಂಟೆ ಹೊಡೆದು, ಹಿಂದಿನ ಹೊಂಡದ ಮರಳನ್ನೂ ನಾರಿನ ಪುಡಿಯನ್ನೂ ಸುರಿದು ಬೆರೆಸಿದೆವು. ನೀರು ಚಿಮುಕಿಸಿ, ಮೇಲೆ ಹಲಗೆ ಎಳೆದೆವು. ಹೊತ್ತು ಮುಳುಗುವ ಮುಂಚೆ ನಾನು ಎಲ್ಲರ ಎದುರಿಗೆ ಓಡಿ ಬಂದು ಮಾರುದ್ದ ಬಿದ್ದೆ. ಏನೂ ಆಗಲಿಲ್ಲ. ಮತ್ತೊಮ್ಮೆ ಬಿದ್ದೆ. ಗೌಡ್ರು ಹುಬ್ಬು ಗಂಟು ಹಾಕಿಕೊಂಡು ನೋಡುತ್ತಿದ್ದರು, ಈ ಮನುಷ್ಯನಿಗೆ ಸಂಬಳ ಕೊಡುವುದು ಇದಕ್ಕೇನಾ ಎನ್ನುವಂತೆ.

ಮರುದಿನ ಬೆಂಗಳೂರಿನ ತಂಡ ರೈಲಿಳಿದು ಬಂತು. ಅವರ ಕೋಚು ಬಗ್ಗಿ ಸುಣ್ಣದ ಗೆರೆಯ ಪಕ್ಕ ಬೆರಳೂರಿ ಮಣ್ಣು ನೋಡಿ, ಮೂಸಿ, "ಏನ್ರೀ ಹಾಕಿದೀರಿ ಇದಕ್ಕೆ?" ಎಂದರು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ "ನಾರಿನ ಪುಡಿ" ಅಂದೆ.

ಗೌಡ್ರು ಗೆರೆಯಾಚೆ ನೆಲದ ಮೇಲೆ ಟವೆಲ್ ಹಾಸಿಕೊಂಡು ಕೂತರು. ಪ್ರಿನ್ಸಿಪಾಲರಿಗೆ ಅವರ ಪಕ್ಕದಲ್ಲೇ ಕುರ್ಚಿ. ನಾನು ಅಮೃತೂರನ್ನು ಮೂಲೆಯಲ್ಲೇ ನಿಲ್ಲಿಸಿದೆ. ನಡುವೆ ನಿಲ್ಲಿಸಿದ್ದರೆ ಅವನು ಹಾರುವ ಪ್ರಸಂಗವೇ ಬರುತ್ತಿರಲಿಲ್ಲ, ನನಗೂ ನೆಮ್ಮದಿ. ಹಾಗೇ ಮಾಡಬೇಕೆಂದು ರಾತ್ರಿ ಮಲಗುವಾಗ ಅಂದುಕೊಂಡಿದ್ದೆ. ಬೆಳಿಗ್ಗೆ ಅವನು ತಾನಾಗಿ ಹೋಗಿ ಮೂಲೆಯಲ್ಲಿ ನಿಂತು ಮಣ್ಣನ್ನು ಕಾಲಿನಿಂದ ಕೆದಕಿ ನೋಡುತ್ತಿದ್ದುದನ್ನು ಕಂಡ ಮೇಲೆ ಮನಸ್ಸಾಗಲಿಲ್ಲ.

ಮೊದಲರ್ಧ ಹದಗೆಟ್ಟಿತು. ಅವರಲ್ಲೊಬ್ಬ ಉದ್ದನೆಯವನಿದ್ದ, ಕೊಕ್ಕರೆಯ ಹಾಗೆ ಕಾಲು ಹಾಕಿ ಒಳಗೆ ಬಂದು ನಮ್ಮವರನ್ನು ಮುಟ್ಟಿ ಹೋಗುತ್ತಿದ್ದ. ಅಮೃತೂರು ಹಾರಿದ, ಎಡಗೈ ಹಿಂದಕ್ಕೆ ಬಂತು. ಮತ್ತೆ ಹಾರಿದ, ಮತ್ತೆ ಅದೇ. ವಿರಾಮದಲ್ಲಿ ಬಂದು ನನ್ನ ಮುಂದೆ ತಲೆ ತಗ್ಗಿಸಿ ನಿಂತ.

"ನನ್ನ ತೆಗ್ದಾಕ್ಬುಡಿ ಸಾ."

"ಬಿದ್ಯಲ್ಲ, ನೋವಾಯ್ತಾ?"

ಅವನು ಯೋಚಿಸಿದ. "ಇಲ್ಲ ಸಾ."

"ಸ್ವಲ್ಪಾನೂ?"

"ಇಲ್ಲ ಸಾ. ಮೆತ್ತಗದೆ."

"ಹಂಗಾದ್ರೆ ಹೋಗು, ಇನ್ನಷ್ಟು ಬೀಳು."

ಅಷ್ಟೇ ನಾನು ಹೇಳಿದ್ದು. ಅದಕ್ಕಿಂತ ದೊಡ್ಡ ಉಪದೇಶ ನನ್ನ ಹತ್ತಿರ ಇರಲಿಲ್ಲ.

ಆಟ ಮುಗಿಯುತ್ತ ಬಂದಾಗ ಆ ಉದ್ದನೆಯವನು ಮತ್ತೆ ಬಂದ. ಗುಬ್ಬಿ ಮುಂದೆ ಹೋಗಿ ಅವನನ್ನು ಮೂಲೆಯತ್ತ ತಿರುಗಿಸಿದ. ಅವನು ಕಾಲು ಚಾಚಿದ. ಅಮೃತೂರು ಹಾರಿದ. ಈ ಸಲ ಕೈ ಹಿಂದಕ್ಕೆ ಬರಲಿಲ್ಲ. ಎರಡೂ ಕೈ ಸೇರಿಸಿ ಹಿಮ್ಮಡಿಗೆ ಬೀಗ ಹಾಕಿದ ಹಾಗೆ ಹಿಡಿದ. ಉದ್ದನೆಯವನು ಬುಡ ಕಡಿದ ಮರದಂತೆ ಉರುಳಿದ, ಅವನ ಮೇಲೆ ಗುಬ್ಬಿ, ಗುಬ್ಬಿಯ ಮೇಲೆ ಉಳಿದವರು. ಎಲ್ಲರ ಅಡಿಯಲ್ಲಿ ಅಮೃತೂರು.

ಅಂಪೈರು ಸೀಟಿ ಊದಿದರು. ಗೌಡ್ರು ಎದ್ದು ನಿಂತಿದ್ದರು. ಒಬ್ಬೊಬ್ಬರೇ ಮೇಲಿನಿಂದ ಎದ್ದರು. ಕೊನೆಗೆ ಅಡಿಯಲ್ಲಿದ್ದವನು ಎಡಗೈ ಊರಿ ಎದ್ದು ಕೂತ. ಬಾಯಿ ತುಂಬ ಮಣ್ಣು. ಥೂ ಥೂ ಎಂದು ಉಗಿದು ಹಲ್ಲು ಕಿರಿದ. ನನ್ನ ಕಣ್ಣು ತುಂಬಿಬಂತು, ಹೊಟ್ಟು ಬಿದ್ದದ್ದಿರಬೇಕೆಂದು ಉಜ್ಜಿಕೊಂಡೆ.

ಪಂದ್ಯ ನಾವು ಸೋತೆವು, ಒಂದೇ ಪಾಯಿಂಟಿನಲ್ಲಿ. ಬೆಂಗಳೂರಿನ ಕೋಚು ಕೈ ಕುಲುಕಲು ಬಂದವರು ನನ್ನ ಮುಖ ನೋಡಿ ಗೆದ್ದದ್ದು ಯಾರೆಂದು ಗೊಂದಲಕ್ಕೆ ಬಿದ್ದರು. ನನಗೆ ನಗು ತಡೆಯುವುದಕ್ಕಾಗುತ್ತಿರಲಿಲ್ಲ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲುಗುಂಡು ಇಳಿದಿತ್ತು.

ಆದರೆ ಮಗ ಆಡಲಿ ಎಂದು ಗೌಡ್ರು ಇನ್ನೂ ಹೇಳಿರಲಿಲ್ಲ. ನಿಧಾನವಾಗಿ ಅಂಗಳದೊಳಕ್ಕೆ ಬಂದರು. ಮಗನ ಬನಿಯನ್ನು ಹೆಗಲಿಂದ ಸರಿಸಿ ಆ ಹಳೆಯ ಮೂಳೆಯ ಉದ್ದಕ್ಕೂ ಬೆರಳಾಡಿಸಿದರು, ಸಂತೆಯಲ್ಲಿ ಎತ್ತಿನ ಮೈ ನೋಡುವಷ್ಟು ನಿಗಾ ಕೊಟ್ಟು. ಗಂಟು ಕಟ್ಟಿದ್ದ ಜಾಗದಲ್ಲಿ ಒತ್ತಿದರು. "ನೋವಾಯ್ತದಾ?" ಅವನು ಇಲ್ಲವೆಂದ. ಕೈ ಎತ್ತಿಸಿದರು, ತಿರುಗಿಸಿದರು. ಕಿವಿಯೊಳಗಿನ ಮಣ್ಣು ತೆಗೆದರು. ಪ್ರಿನ್ಸಿಪಾಲರೂ ಬಂದು ಪಕ್ಕದಲ್ಲಿ ನಿಂತರು. ಹುಡುಗರೆಲ್ಲ ಸುತ್ತ ಸೇರಿದರು. ಗೌಡ್ರು ನನ್ನ ಕಡೆ ತಿರುಗಿದರು. ಮುಖ ಗಂಭೀರವಾ, ಕೋಪವಾ, ನನಗೆ ತಿಳಿಯಲಿಲ್ಲ.

"ಅಲ್ಲ ಮೇಷ್ಟ್ರೇ, ಆ ಉದ್ದನ್ ಆಳ್ನ ಹಿಡ್ದಾಗ ಇವನು ಒಂದೇ ಕಾಲ್ ಹಿಡ್ದ. ಇನ್ನೊಂದ್ ಯಾಕ್ ಬುಟ್ಟ?"

"ಒಂದೇ ಕಾಲು ಹಿಡಿಯೋದು ಅಂತ ನಾನೇ ಹೇಳಿಕೊಟ್ಟಿದ್ದು ಗೌಡ್ರೇ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಬರೋ ವರ್ಷ ಎಲ್ಡೂ ಹೇಳ್ಕೊಡಿ" ಎಂದರು.